ಭಾಷಣ ಮುಗಿದ ಮೇಲೆ ರಾತ್ರಿ ಎಲ್ಲಿ? ಕಾರವಾರ, ಅಂಕೋಲಾ, ಶಿರಸಿ, ಗೋಕರ್ಣ: ಯಾವ ಊರು ಯಾರಿಗೆ

ಉತ್ತರ ಕನ್ನಡಕ್ಕೆ ಮಾತಾಡಲು ಬರುವವರು ಈಗ ಜಾಸ್ತಿ. ನದಿ, ಕಾಡು, ಬಂದರು, ಅರಣ್ಯ ಹಕ್ಕು, ಆಸ್ಪತ್ರೆ, ಹೀಗೆ ಒಂದಲ್ಲ ಒಂದು ವಿಷಯಕ್ಕೆ ಬೆಂಗಳೂರು, ಧಾರವಾಡ, ಮೈಸೂರಿನಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ಸಂಘಟಕರು ಫೋನ್ ಮಾಡಿ ಮೊದಲು ಕೇಳುವುದು ಒಂದೇ: "ಯಾವ ಊರಲ್ಲಿ ಇಟ್ಕೊಳ್ಳೋಣ?" ರೈಲು ಎಲ್ಲಿ ನಿಲ್ಲುತ್ತದೆ, ಸಭಾಭವನ ಎಲ್ಲಿ ದೊಡ್ಡದಿದೆ ಎಂದು ನೋಡಿ ಬಹಳ ಜನ ಊರು ಆರಿಸುತ್ತಾರೆ. ನಾನು ಹೇಳುವುದು ಬೇರೆ. ರಾತ್ರಿ ನೋಡಿ ಊರು ಆರಿಸಿ.

ಕಾರಣ ಇದೆ. ಪುಸ್ತಕದಂಗಡಿ, ಕಾಫಿ, ಚರ್ಚೆ ಮೂರೂ ಒಂದೇ ಸೂರಿನಡಿ ಸಿಗುವ ದೊಡ್ಡ ಊರಿನ ಅಡ್ಡಾಗಳು ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಭೆಯಲ್ಲಿ ಜನ ಶಾಂತವಾಗಿ ಕೂತು ಕೇಳುತ್ತಾರೆ. ಪ್ರಶ್ನೆ ಇದೆಯಾ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದೇ ಜನ ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಕೂತಾಗ, ಯಕ್ಷಗಾನದ ಟೆಂಟಿನ ಹೊರಗೆ ಚಹಾ ಕುಡಿಯುವಾಗ, ಕಡಲ ದಂಡೆಯ ಮರಳಿನ ಮೇಲೆ ಕಾಲು ಚಾಚಿದಾಗ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಹೋರಾಟದ ಜಾಗ, ರಾತ್ರಿಯ ಜಾಗ ಎರಡೂ ಇಲ್ಲಿ ಒಂದೇ. ಸಂಜೆ ಆರಕ್ಕೆ ಮಾತಾಡಿ ಎಂಟರ ಬಸ್ಸು ಹಿಡಿದರೆ ಬಂದ ಕೆಲಸ ಅರ್ಧವೇ ಆದ ಹಾಗೆ.

ಪುರುಸೊತ್ತಿಲ್ಲದವರಿಗೆ ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ರಾತ್ರಿ ಇದ್ದರೆ ಅಂಕೋಲಾ. ಎದುರು ವಾದ ಮಾಡುವವರು ಬೇಕಿದ್ದರೆ ಶಿರಸಿ. ಇವತ್ತು ನಡೆಯುತ್ತಿರುವ ಜಗಳದ ಎದುರೇ ನಿಲ್ಲಬೇಕಿದ್ದರೆ ಕಾರವಾರ ಅಥವಾ ಹೊನ್ನಾವರ. ಸುಸ್ತಾಗಿದ್ದರೆ ಗೋಕರ್ಣ. ಕುಣಿಯಬೇಕು, ಕುಡಿಯಬೇಕು ಅಂತಿದ್ದರೆ ಗಡಿಯಾಚೆ ಗೋವಾ ಇದೆ, ಆದರೆ ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಉಳಿದವರು ಮುಂದೆ ಓದಿ.

ಮೊದಲು ತಿಂಗಳು ನೋಡಿ

ಊರಿಗಿಂತ ಮೊದಲು ಕಾಲ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ರಾತ್ರಿ ಅಂದರೆ ಮಳೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ. ಮೀನುಗಾರರ ಜೊತೆ ಕೂತು ಮಾತಾಡಲು ಅವರಿಗೆ ಸಮಯ ಇರುವ ಕಾಲ ಅದು, ಆದರೆ ಕೈಯಲ್ಲಿ ಕಾಸು ಇಲ್ಲದ ಕಾಲವೂ ಹೌದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಲಾರಿ, ಜನ ಎಲ್ಲ ಗಂಗಾವಳಿ ನದಿ ಪಾಲಾದರು. ಅದಾದ ಮೇಲೆ ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಓಡಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಳೆಗಾಲದಲ್ಲಿ ಬರುವುದಾದರೆ ರಾತ್ರಿ ಇದ್ದ ಊರಿನಲ್ಲೇ ಉಳಿಯಿರಿ, ಊರು ಬದಲಿಸುವುದಿದ್ದರೆ ಹಗಲಲ್ಲೇ ಬದಲಿಸಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಜಿಲ್ಲೆ ರಾತ್ರಿಯಿಡೀ ಎಚ್ಚರ ಇರುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ, ಜಾತ್ರೆ, ಆಲೆಮನೆ, ಸುಗ್ಗಿ ಎಲ್ಲ ಈ ಕಾಲದಲ್ಲೇ. ಆರಿಸುವ ಅವಕಾಶ ಇದ್ದರೆ ಜನವರಿಯಿಂದ ಮಾರ್ಚ್ ಒಳಗೆ ದಿನ ಕೊಡಿ.

ಕಾರವಾರ

ಜಿಲ್ಲಾ ಕೇಂದ್ರ ಇದು. ಭಟ್ಕಳದಿಂದ ಹಳಿಯಾಳದವರೆಗೆ ಎಲ್ಲ ಮೆರವಣಿಗೆಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲಿನ ಜಿಲ್ಲಾಧಿಕಾರಿ ಕಚೇರಿಯ ಎದುರು. ಆದರೆ ದೂರದ ತಾಲೂಕಿನವರು ಮನವಿ ಕೊಟ್ಟು, ಸಂಜೆಯ ಬಸ್ಸಿಗೆ ವಾಪಸ್ ಹೋಗಿಬಿಡುತ್ತಾರೆ. ಹಾಗಾಗಿ ಇಡೀ ಜಿಲ್ಲೆಯ ವಿಷಯ ಇಟ್ಟುಕೊಂಡು ಕಾರವಾರದಲ್ಲಿ ಸಂಜೆ ಸಭೆ ಮಾಡಿದರೆ ಕುರ್ಚಿ ತುಂಬುವುದು ಕಷ್ಟ. ಕಾರವಾರದ್ದೇ ವಿಷಯ ಆಗಿದ್ದರೆ ಮಾತ್ರ ರಾತ್ರಿ ಇಲ್ಲಿ ಉಳಿಯಿರಿ.

ಆ ವಿಷಯಗಳೇನೂ ಸಣ್ಣವಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ಸ್ಥಾವರವೂ ಬಂತು. ಇವತ್ತು ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, 700 ಮೆಗಾವಾಟಿನ ಇನ್ನೆರಡಕ್ಕೆ ಒಪ್ಪಿಗೆ ಸಿಕ್ಕಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಕೋರ್ಟು ಅಲೆದವರ ಮಕ್ಕಳು ಈಗ ನಡುವಯಸ್ಸಿನವರು. ದೇಶಕ್ಕೆ ನೌಕಾನೆಲೆ ಬೇಡ ಎಂದು ಅವರು ಯಾರೂ ಹೇಳುವುದಿಲ್ಲ. ನಮ್ಮ ಲೆಕ್ಕ ಸರಿ ಮಾಡಿ ಎನ್ನುತ್ತಾರೆ. ಹೊರಗಿನಿಂದ ಬರುವ ಭಾಷಣಕಾರರು ಈ ವ್ಯತ್ಯಾಸ ಹಿಡಿಯಬೇಕು. ಇಲ್ಲದಿದ್ದರೆ ಮಾತು ಅವರ ತಲೆಯ ಮೇಲಿಂದ ಹಾದು ಹೋಗುತ್ತದೆ.

ಇನ್ನು ಟಾಗೋರ್ ಕಡಲತೀರ. ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ರವೀಂದ್ರನಾಥ ಟಾಗೋರರು ಇಲ್ಲಿ ಬಂದು ಇದ್ದದ್ದನ್ನು ಎಲ್ಲ ಫಲಕಗಳೂ ಹೇಳುತ್ತವೆ. ಫಲಕದಲ್ಲಿ ಇಲ್ಲದ ಕತೆ 2020ರ ಜನವರಿಯದ್ದು. ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆ ಇದೇ ದಂಡೆಯ ಕಡೆ ಅಲೆತಡೆ ಗೋಡೆ ಕಟ್ಟಲು ಬಂದಾಗ ಮೀನುಗಾರರು, ಹೆಂಗಸರು, ಊರಿನವರು ಬೀದಿಗಿಳಿದರು. ಊರಿಗೆ ಉಳಿದಿರುವ ಕಡಲತೀರ ಇದೊಂದೇ ಎಂಬುದು ಅವರ ಮಾತು. ದಕ್ಷಿಣಕ್ಕೆ ನೌಕಾನೆಲೆ ಇರುವುದನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ.

ಕಾರವಾರದ ರಾತ್ರಿ ಅಂದರೆ ಈ ದಂಡೆಯೇ. ಸಂಜೆ ಏಳರಿಂದ ಒಂಬತ್ತೂವರೆವರೆಗೆ ಊರಿನ ಅರ್ಧ ಜನ ಇಲ್ಲಿರುತ್ತಾರೆ. ದಂಡೆಯಲ್ಲಿ ಪ್ರದರ್ಶನಕ್ಕಿಟ್ಟ ಚಾಪಲ್ ಯುದ್ಧನೌಕೆಯ ಪಕ್ಕ ಗಿರ್ಮಿಟ್, ಗೋಬಿ, ಐಸ್‌ಕ್ರೀಮ್ ತಿನ್ನುತ್ತಾ ಕೂರುತ್ತಾರೆ. ಆಮೇಲೆ ಊಟಕ್ಕೆ ಹೋಗಿ. ಬಂಗಡೆ, ಇಸ್ವಾಣ, ನೊಗ್ಲಿ, ಏನು ಬಂದಿದೆ ಎಂದು ಕೇಳಿ ಅದನ್ನೇ ತಿನ್ನಿ. ಬಾರ್‌ಗಳೂ ಇವೆ, ಕುಡಿಯುವವರು ಕುಡಿಯುತ್ತಾರೆ. ಆದರೆ ಹತ್ತೂವರೆಗೆ ಊರು ಮಲಗುತ್ತದೆ. ನಿಜವಾದ ಎಚ್ಚರ ಇರುವುದು ಬೈತಖೋಲ್ ಮೀನುಗಾರಿಕಾ ಬಂದರಿನಲ್ಲಿ, ಅದೂ ಬೆಳಗಿನ ಜಾವ. ಬೋಟು ಬಂದು, ಮೀನು ಇಳಿಸಿ, ಹರಾಜು ಕೂಗುವ ಹೊತ್ತಿಗೆ ಅಲ್ಲಿ ನಿಂತರೆ ಬಂದರು ರಾಜಕೀಯ ತನ್ನಷ್ಟಕ್ಕೆ ಅರ್ಥವಾಗುತ್ತದೆ. ಯಾರಾದರೂ ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾರವಾರದಲ್ಲಿ ಮನೆಮಾತು ಹೆಚ್ಚಾಗಿ ಕೊಂಕಣಿ. ವೇದಿಕೆಯ ಮೇಲೆ ಕನ್ನಡ ಧಾರಾಳ ಸಾಕು, ದಡದಲ್ಲಿ ಸಾಲುವುದಿಲ್ಲ. ನೌಕಾನೆಲೆಯ ಕಡೆ ಕ್ಯಾಮೆರಾ ಎತ್ತಬೇಡಿ.

ಅಂಕೋಲಾ

ನನ್ನ ಆಯ್ಕೆ ಇದು. ಸಭಾಭವನ ದೊಡ್ಡದಿಲ್ಲ, ಲಾಡ್ಜ್‌ಗಳು ಸಾದಾ. ಆದರೂ ಇದೇ.

1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಇಲ್ಲಿ ನಡೆಯಿತು. ಮುಂದಾಳು ಎಂ.ಪಿ. ನಾಡಕರ್ಣಿ. ಆಮೇಲೆ ಕರನಿರಾಕರಣೆ ಬಂತು. ರೈತರು ಜಮೀನು, ದನ, ಪಾತ್ರೆ ಕಳೆದುಕೊಂಡರು, ಕಂದಾಯ ಕಟ್ಟಲಿಲ್ಲ. ಇದನ್ನೆಲ್ಲ ಪಾಠದಲ್ಲಿ ಓದಿ ಮರೆಯುತ್ತೇವೆ ಅಲ್ವಾ? ಅಂಕೋಲೆಯಲ್ಲಿ ಹಾಗಲ್ಲ. ಯಾರ ಮನೆಯ ಜಮೀನು ಹೋಯಿತು, ಹರಾಜಿನಲ್ಲಿ ಯಾರು ಹಿಡಿದರು, ಯಾರು ಹಿಡಿಯಲಿಲ್ಲ ಎಂದು ಈಗಲೂ ಹೆಸರು ಹಿಡಿದು ಹೇಳುವ ಹಿರಿಯರಿದ್ದಾರೆ. ಊರೊಳಗಿನ ಸ್ವಾತಂತ್ರ್ಯ ಸಂಗ್ರಾಮ ಭವನಕ್ಕೆ ಹಗಲಲ್ಲೇ ಒಮ್ಮೆ ಹೋಗಿ ಬನ್ನಿ. ರಾತ್ರಿಯ ಮಾತಿಗೆ ಅದು ಬುನಾದಿ.

ದಿನಕರ ದೇಸಾಯಿಯವರ ಊರೂ ಇದೇ ತಾಲೂಕು. ಚುಟುಕ ಬರೆದವರು ಎಂದು ಹೊರಗೆ ಗೊತ್ತು. ಇಲ್ಲಿನವರಿಗೆ ಅವರು ಗೇಣಿದಾರರ ಪರ ರೈತಕೂಟ ಕಟ್ಟಿದವರು, ಅದಕ್ಕೆ ಬ್ರಿಟಿಷರಿಂದ ಜಿಲ್ಲೆಯಿಂದ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಬಡವರ ಮಕ್ಕಳಿಗೆ ಊರೂರಲ್ಲಿ ಶಾಲೆ ತೆರೆದವರು. ಕರಾವಳಿಯಲ್ಲಿ ಇವತ್ತು ಸಭೆ ನಡೆಸುವ ಮಾಸ್ತರು, ಮಾಸ್ತರಮ್ಮಂದಿರಲ್ಲಿ ಎಷ್ಟೋ ಜನ ಆ ಶಾಲೆಗಳಲ್ಲಿ ಓದಿದವರೇ. ಹಾಗಾಗಿ ಅಂಕೋಲೆಯಲ್ಲಿ ನಿಮ್ಮ ಎದುರು ಕೂರುವವರು ಮೇಷ್ಟ್ರುಗಳು, ಬ್ಯಾಂಕಿನವರು, ಮೀನುಗಾರ ಹುಡುಗರು, ಹಾಲಕ್ಕಿ ಸಮುದಾಯದ ಹೆಂಗಸರು. ಈ ಬೆರಕೆ ಬೇರೆ ಊರುಗಳಲ್ಲಿ ಅಪರೂಪ.

ರಾತ್ರಿಜೀವನದ ಬಗ್ಗೆ ಬರೆಯುವಾಗ ಅಂಕೋಲೆಯ ಒಂದು ವಿಷಯ ಬಿಡಲು ಬರುವುದಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಲಕ್ಕಿ ಹಾಡುಗಳ ಅಜ್ಜಿ ಎಂದೇ ನಾಡು ನೆನೆಯುತ್ತದೆ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಇನ್ನೊಂದು ಕೆಲಸ ಸಾರಾಯಿ ವಿರುದ್ಧದ ಹೋರಾಟ. ಕುಡಿತ ಅವರ ಸ್ವಂತ ಮನೆಯನ್ನೇ ಸುಟ್ಟಿತ್ತು. ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಅಂಗಡಿಗಳ ಎದುರು ನಿಂತರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ಅಕ್ರಮ ಮಾರಾಟದ ವಿರುದ್ಧ ಇಲ್ಲಿನ ಹೆಂಗಸರು ಈಗಲೂ ದೂರು ಕೊಡುತ್ತಾರೆ, ಧರಣಿ ಕೂರುತ್ತಾರೆ. ಹಾಲಕ್ಕಿ ಕೊಪ್ಪಗಳಲ್ಲಿ ಸಭೆ ಇದ್ದ ದಿನ ಭಾಷಣಕಾರರು ಕುಡಿದು ಬರುವುದಾಗಲಿ, ಸಭೆ ಆದ ಮೇಲೆ ಸಂಘಟಕ ಹುಡುಗರನ್ನು ಬಾರಿಗೆ ಕರೆದುಕೊಂಡು ಹೋಗುವುದಾಗಲಿ ಬೇಡವೇ ಬೇಡ. ಆ ಹೆಂಗಸರಿಗೆ ಅದು ಅವರ ಮನೆಯ ಗಾಯ.

ಹೊನ್ನಳ್ಳಿಯ ತುಳಸಿ ಗೌಡರೂ ಇದೇ ತಾಲೂಕಿನವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಶುರು ಮಾಡಿ ಬದುಕಿಡೀ ಗಿಡ ಬೆಳೆಸಿದರು. 2024ರ ಡಿಸೆಂಬರ್‌ನಲ್ಲಿ ಹೋದರು. ಅವರ ಮನೆಗೆ ಸುಮ್ನೆ ಫೋಟೊ ತೆಗೆಯಲು ಹೋಗಬೇಡಿ. ಅವರು ಬೆಳೆಸಿದ ಮರಗಳಿರುವ ಮಾಸ್ತಿಕಟ್ಟಾ ಕಾಡಿನ ಕಡೆ ಹಗಲು ಹೋಗಿ ಬನ್ನಿ.

ರಾತ್ರಿ ಏನು ಮಾಡುವುದು? ಹೋಳಿಯ ಹೊತ್ತಿಗೆ ಬಂದರೆ ಸುಗ್ಗಿ ಕುಣಿತ. ತಲೆಗೆ ಹೂವಿನ ತುರಾಯಿ ಕಟ್ಟಿ, ಕೋಲು ಹಿಡಿದು, ಗುಮಟೆ ಬಡಿತಕ್ಕೆ ಹಾಲಕ್ಕಿ ಗಂಡಸರು ಊರೂರು ಕುಣಿಯುತ್ತಾರೆ. ಮೇ ಸುಮಾರಿಗೆ ಬಂಡಿಹಬ್ಬ. ಅದೇ ಹೊತ್ತಿಗೆ ಕರಿ ಇಷಾಡ ಮಾವು ಬಂದಿರುತ್ತದೆ, ಅದಕ್ಕೆ ಈಗ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಹಬ್ಬ ಇಲ್ಲದ ದಿನ ಯಾರದಾದರೂ ಮನೆಯ ಅಂಗಳವೇ ಗತಿ, ಅದೇ ಒಳ್ಳೆಯದು ಕೂಡ. ಮೀನು ಸಾರು ಅಥವಾ ಕೋಳಿ ಸಾರು, ವಡೆ, ಕುಚ್ಚಲಕ್ಕಿ ಅನ್ನ. "ಉಂಡ್ಕಂಡೇ ಹೋಗ್ಬೇಕು" ಎಂದರೆ ಹೂಂ ಎನ್ನಿ. ಕೇಣಿಯಲ್ಲಿ ಬರಲಿರುವ ಬಂದರಿನ ಬಗ್ಗೆ ಮೀನುಗಾರರು ಸಭೆಯಲ್ಲಿ ಎರಡು ಮಾತಾಡಿದರೆ ಊಟದ ಮೇಲೆ ಎರಡು ತಾಸು ಮಾತಾಡುತ್ತಾರೆ.

ಶಿರಸಿ

ಘಟ್ಟ ಹತ್ತಿದರೆ ಎಲ್ಲವೂ ಬೇರೆ. ಊಟ ಬೇರೆ, ಮಾತು ಬೇರೆ, ಹೋರಾಟದ ರೀತಿಯೂ ಬೇರೆ. ಕರಾವಳಿಯವರು ಬೀದಿಗಿಳಿಯುತ್ತಾರೆ. ಶಿರಸಿಯವರು ಮೊದಲು ಒಂದು ವಿಚಾರ ಸಂಕಿರಣ ಮಾಡುತ್ತಾರೆ.

ಇದನ್ನು ನಾನು ಮೆಚ್ಚಿಯೇ ಹೇಳುತ್ತಿದ್ದೇನೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಇಲ್ಲಿನ ಅಡಿಕೆ ಬೆಳೆಗಾರರ ಸಹಕಾರಿ ಸಂಘ 1981ರಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಸಿ, ಲಾಭ ಎಷ್ಟು, ನಷ್ಟ ಎಷ್ಟು ಎಂದು ಲೆಕ್ಕ ಮಾಡಿಸಿತು. ರೈತರ ಸಂಘವೊಂದು ಅಣೆಕಟ್ಟನ್ನು ಲೆಕ್ಕದ ಪುಸ್ತಕ ಹಿಡಿದು ಎದುರಿಸಿದ್ದು ದೇಶದಲ್ಲೇ ವಿಶೇಷ. ಯೋಜನೆ ನಿಂತಿತು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿ ಭಾಗದ ಹಳ್ಳಿಗರು ಕಾಡಿಗೆ ನಡೆದು ಕೊಡಲಿಯ ಎದುರು ಮರಗಳನ್ನು ತಬ್ಬಿದರು. ಅದೇ ಅಪ್ಪಿಕೊ. ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಒಯ್ದರು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಅದರ ಘೋಷಣೆ. ಈಗ ಬೇಡ್ತಿ ಮತ್ತು ವರದಾ ನದಿ ಜೋಡಣೆಯ ವಿರುದ್ಧ ಸ್ವರ್ಣವಲ್ಲಿ ಮಠದ ಸ್ವಾಮಿಗಳ ಮುಂದಾಳತ್ವದಲ್ಲಿ ಸಭೆಗಳು ನಡೆಯುತ್ತಿವೆ. ಬೀಜ ಉಳಿಸುವ ಕೈತೋಟದ ಹೆಂಗಸರ ಬಳಗ ವನಸ್ತ್ರೀ ಇದೆ, ಅರಣ್ಯ ಕಾಲೇಜು ಇದೆ. ಸಭೆಗೆ ತೋಟಗಾರರ ಸಹಕಾರಿ ಸಂಘವಾದ ಟಿಆರ್‌ಸಿಯ ಸಭಾಭವನದಂಥ ಒಳ್ಳೆಯ ಜಾಗಗಳೂ ಇವೆ. ಕೇಳುಗರು ಓದಿಕೊಂಡು ಬಂದಿರುತ್ತಾರೆ. ಅಂಕಿ ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ತಯಾರಿ ಇಲ್ಲದೆ ಶಿರಸಿಗೆ ಬರಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಸಭೆಗೆ ಯಾರು ಬಂದಿಲ್ಲ ಎಂದೂ ನೋಡಿ. ಶಿರಸಿಯ ಪರಿಸರ ಸಭೆಗಳಲ್ಲಿ ತೋಟದವರು ಜಾಸ್ತಿ. ಅದೇ ಊರಿನಲ್ಲಿ ಅರಣ್ಯಭೂಮಿ ಸಾಗುವಳಿದಾರರ ದೊಡ್ಡ ಹೋರಾಟವೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು ತಿರಸ್ಕಾರವಾದವರು, ಮೂರು ತಲೆಮಾರಿನ ದಾಖಲೆ ತನ್ನಿ ಎಂದಾಗ ಕೈಚೆಲ್ಲಿದವರು ಅವರು. ಮರ ಉಳಿಸುವವರು ಮತ್ತು ಮನೆ ಉಳಿಸಿಕೊಳ್ಳುವವರು ಒಂದೇ ಸಭೆಯಲ್ಲಿ ಅಕ್ಕಪಕ್ಕ ಕೂರುವುದು ಕಡಿಮೆ. ಹೊರಗಿನಿಂದ ಬಂದವರಿಗೆ ಒಂದು ಅನುಕೂಲ ಇದೆ, ಎರಡೂ ಕಡೆ ಹೋಗಬಹುದು. ಸಂಜೆ ಸಭಾಭವನದಲ್ಲಿ ಮಾತಾಡಿ, ಮರುದಿನ ಬೆಳಿಗ್ಗೆ ಸಾಗುವಳಿದಾರರ ಕಚೇರಿಗೋ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿಗಳ ಹಳ್ಳಿಗೋ ಹೋಗಿ ಕೂತು ಕೇಳಿ. ಮಂಚಿಕೇರಿಯ ಸುತ್ತ ಸಿದ್ದಿಗಳು ನಾಟಕ ಆಡಿದ ದೊಡ್ಡ ಚರಿತ್ರೆ ಇದೆ. ಅವರು ಡಮಾಮಿ ವಾದ್ಯ ಹಿಡಿದರೆ ರಾತ್ರಿ ಬೇಗ ಮುಗಿಯುವುದಿಲ್ಲ.

ಈಗ ಶಿರಸಿಯ ರಾತ್ರಿಗೆ ಬರೋಣ. ನನ್ನ ಪ್ರಕಾರ ಭಾಷಣ ಮಾಡುವವರಿಗೆ ಇಡೀ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ, ತಾಳಮದ್ದಳೆ ಸಿಕ್ಕರೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಪಂಚೆ ಉಟ್ಟ ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳಿಯುತ್ತಾರೆ. ಬರೆದ ಮಾತು ಒಂದೂ ಇಲ್ಲ. ಕೃಷ್ಣ ಸಂಧಾನ ಇರಲಿ, ವಾಲಿವಧೆ ಇರಲಿ, ಎದುರಿನವರ ಮಾತಿನ ಸಂದು ಹಿಡಿದು ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. ಬಾಣ ತಿಂದು ಬಿದ್ದ ವಾಲಿ ರಾಮನನ್ನೇ ಕಟಕಟೆಗೆ ನಿಲ್ಲಿಸುತ್ತಾನೆ. ಕೇಳುವ ಜನ ವಾಲಿಯ ಕಡೆ ತಲೆದೂಗುತ್ತಾರೆ. ಆಮೇಲೆ ರಾಮ ಬಾಯಿ ತೆರೆದಾಗ ಅವನ ಕಡೆಗೂ ತಲೆದೂಗುತ್ತಾರೆ. ವೇದಿಕೆಯಲ್ಲಿ ಮಾತಾಡುವ ಯಾರೇ ಆದರೂ ಇದನ್ನು ಕೇಳಬೇಕು. ಎದುರು ಪಕ್ಷಕ್ಕೆ ಇಷ್ಟು ಮರ್ಯಾದೆ ಕೊಟ್ಟು ಇಷ್ಟು ಗಟ್ಟಿಯಾಗಿ ವಾದ ಮಾಡುವುದು ನಮ್ಮ ಸಭೆಗಳಲ್ಲಿ ಕಡಿಮೆಯಾಗಿದೆ. ತಾಳಮದ್ದಳೆ ಮಳೆಗಾಲದಲ್ಲಿ ಹೆಚ್ಚು. ಮೇಳಗಳು ಆಟ (ಯಕ್ಷಗಾನ ಪ್ರದರ್ಶನ) ನಿಲ್ಲಿಸಿರುತ್ತವೆ, ತೋಟದ ಕೆಲಸವೂ ಸಂಜೆಗೆ ಮುಗಿದಿರುತ್ತದೆ. ಶಿರಸಿ, ಸಿದ್ದಾಪುರದ ದೇವಸ್ಥಾನ, ಮನೆ ಜಗಲಿಗಳಲ್ಲಿ ನಡೆಯುತ್ತದೆ. ಸಂಘಟಕರಿಗೆ ಮೊದಲೇ ಹೇಳಿಟ್ಟರೆ ಎಲ್ಲಿ ಇದೆ ಎಂದು ಹುಡುಕಿಕೊಡುತ್ತಾರೆ.

ಬೇಸಿಗೆ ಮೊದಲಾಗುವ ಮುನ್ನ ಬಂದರೆ ಆಲೆಮನೆ. ಕಬ್ಬಿನ ಗಾಣ, ದೊಡ್ಡ ಕೊಪ್ಪರಿಗೆ, ಕುದಿಯುವ ಹಾಲು, ಬಿಸಿ ನೊರೆಬೆಲ್ಲ. ಜೊತೆಗೆ ಖಾರದ ಮಂಡಕ್ಕಿ, ಮಿರ್ಚಿ ಭಜಿ. ಕುಡಿಯಲು ಕರೆಯುವ ರಾತ್ರಿಯೇ ಅದು, ಆದರೆ ಕುಡಿಯುವುದು ಕಬ್ಬಿನಹಾಲು.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮ ವರ್ಷಗಳ ಫೆಬ್ರವರಿ ಮಾರ್ಚ್‌ನಲ್ಲಿ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂರುವ ಆ ದಿನಗಳಲ್ಲಿ ಊರಿಗೆ ರಾತ್ರಿ ಹಗಲು ಒಂದೇ. ಕಂಪನಿ ನಾಟಕ, ಯಕ್ಷಗಾನ, ತೊಟ್ಟಿಲು, ಬಳೆ ಅಂಗಡಿ. ಅಷ್ಟು ಜನರ ನಡುವೆ ಭಾಷಣ ಇಟ್ಟುಕೊಳ್ಳುವುದು ವ್ಯರ್ಥ, ಉಳಿಯಲು ರೂಮೂ ಸಿಗುವುದಿಲ್ಲ. ಜಾತ್ರೆಗೆ ಜಾತ್ರೆಗೆಂದೇ ಬನ್ನಿ. ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಕೆಂಪು ಬಣ್ಣ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಹಿಂದಿನಿಂದ ಹಗ್ಗ ಹಿಡಿದವರು, ಎದೆಗೆ ಬಡಿಯುವ ತಮಟೆ. ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಬೆಳಗಿನ ಜಾವದವರೆಗೆ ಜನ ಅದರ ಹಿಂದೆ ಓಡುತ್ತಾರೆ. ಸಭಾಭವನಕ್ಕೆ ಬರದ ಶಿರಸಿ ಆ ರಾತ್ರಿ ಬೀದಿಯಲ್ಲಿರುತ್ತದೆ.

ಉಳಿಯುವುದು ತೋಟದ ಮನೆಯಲ್ಲಾದರೆ ಬಾಗಿಲಲ್ಲೇ "ಆಸ್ರಿಗೆ ಎಂತ ಬೇಕು?" ಎಂದು ಕೇಳುತ್ತಾರೆ. ಕಷಾಯ ಅನ್ನಿ. ಊಟಕ್ಕೆ ತಂಬುಳಿ, ಅಪ್ಪೆಹುಳಿ, ಆಮೇಲೆ ಕವಳ, ಅಂದರೆ ಎಲೆ ಅಡಿಕೆ. ಮೀನು, ಮಾಂಸ, ಮದ್ಯ ಆ ಮನೆಗಳಲ್ಲಿ ಇಲ್ಲ. ಅದು ಬೇಕಿದ್ದವರು ಪೇಟೆಯಲ್ಲಿ ಲಾಡ್ಜ್ ಕೇಳಿ, ಮುಚ್ಚುಮರೆ ಬೇಡ. ಮನೆಯೊಳಗೆ ಊಟದ ಸಾಲು, ಒಳಗೆ ಹೊರಗೆ ಎಂಬ ಭೇದ ಎಲ್ಲ ಕಡೆ ಹೋಗಿಲ್ಲ. ನಿಮ್ಮ ಜೊತೆ ಬಂದ ಗೆಳೆಯರೊಬ್ಬರಿಗೆ ಅಲ್ಲಿ ಕಿರಿಕಿರಿ ಆಗಬಹುದು ಅನಿಸಿದರೆ ಇಡೀ ತಂಡ ಲಾಡ್ಜ್‌ನಲ್ಲೇ ಉಳಿಯಿರಿ. ಯಾರನ್ನೂ ಬೇರೆ ಮಾಡಬೇಡಿ.

ಕುಮಟಾ, ಹೊನ್ನಾವರ

ಇವೆರಡನ್ನು ಜನ ದಾರಿಯ ಊರು ಎಂದು ಬಿಟ್ಟುಬಿಡುತ್ತಾರೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಜೌಗುಭೂಮಿಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದೇ ಅಳಿವೆಯ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತಿತ್ತು, ಜನ ಬಿಡಲಿಲ್ಲ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ಮಾತಾಡಿಸಿದರೆ ನದಿಯ ಲೆಕ್ಕ ಸಿಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ನಿಂತಿದ್ದಾರೆ. ಅಲ್ಲಿಗೆ ಕರೆ ಬಂದರೆ ಬೇರೆ ಊರು ಬಿಟ್ಟು ಹೋಗಿ, ಅವರ ಜೊತೆ ಕೂರುವವರು ಕಡಿಮೆ.

ರಾತ್ರಿಗೆ ಯಕ್ಷಗಾನ. ಗುಣವಂತೆಯಲ್ಲಿ 1934ರಲ್ಲಿ ಶುರುವಾದ ಕೆರೆಮನೆಯವರ ಇಡಗುಂಜಿ ಮೇಳದ ರಂಗಮಂದಿರವಿದೆ. ಟೆಂಟ್ ಮೇಳ ಕುಮಟೆಯ ಮಣಕಿ ಮೈದಾನಕ್ಕೆ ಬಂದಾಗ ಅರ್ಧ ರಾತ್ರಿಯ ಚಹಾದ ಹೊತ್ತಿಗೆ ನಡೆಯುವ ರಾಜಕೀಯ ಚರ್ಚೆ ಯಾವ ಸಂಕಿರಣಕ್ಕೂ ಕಡಿಮೆ ಇಲ್ಲ. ಹೊನ್ನಾವರ ತಾಲೂಕಿನ ಕೆರೆಕೋಣದಲ್ಲಿ ಲೇಖಕ ಆರ್.ವಿ. ಭಂಡಾರಿಯವರ ನೆನಪಿನ ಸಹಯಾನ ಇದೆ. ಸಾಹಿತ್ಯ, ಶಿಕ್ಷಣ, ಬಂಡಾಯದ ಮಾತು ಒಂದೇ ಅಂಗಳದಲ್ಲಿ ಸಿಗುವ ಜಾಗ. ಎಳೆಯ ಬರಹಗಾರರಿಗೆ, ಮೊದಲ ಸಲ ಮಾತಾಡುವವರಿಗೆ ಅದು ತುಂಬ ಹಿತ.

ಗೋಕರ್ಣ ಮತ್ತು ಗೋವಾ

ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳ ಗುಡಿಸಲು ಹೋಟೆಲುಗಳಲ್ಲಿ (ಶ್ಯಾಕ್) ರಾತ್ರಿ ಹಾಡು, ಗಿಟಾರ್, ಬಿಯರು ಸಿಗುತ್ತವೆ. ನಾಲ್ಕು ಊರು ತಿರುಗಿ ಗಂಟಲು ಕೆಟ್ಟವರಿಗೆ ಒಂದು ರಾತ್ರಿ ಸುಮ್ಮನೆ ಬಿದ್ದುಕೊಳ್ಳಲು ಒಳ್ಳೆಯ ಜಾಗ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಅಲ್ಲಿ ನಿಮ್ಮ ಪಕ್ಕ ಕೂರುವವರು ಹೊರಗಿನವರು, ಊರಿನವರು ಪ್ಲೇಟು ತರುವ ಕೆಲಸದಲ್ಲಿರುತ್ತಾರೆ. ಅವರ ಜೊತೆ ಮಾತು ಬೇಕಿದ್ದರೆ ಬೆಳಿಗ್ಗೆ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋಗಿ. ಕುಡ್ಲೆಯಿಂದ ಓಂಗೆ ಹೋಗುವ ಗುಡ್ಡದ ದಾರಿಯಲ್ಲಿ ಕತ್ತಲಾದ ಮೇಲೆ ನಡೆಯಬೇಡಿ. ಕುಡಿದು ಕಡಲಿಗಿಳಿಯಲೇಬೇಡಿ, ಅಲ್ಲಿ ಸೆಳೆತ ಕೆಟ್ಟದ್ದು.

ಕಾರವಾರದಿಂದ ಕಾಳಿ ಸೇತುವೆ ದಾಟಿ, ಮಾಜಾಳಿ ಬಿಟ್ಟರೆ ಗೋವಾ. ಪಾಲೊಳೆಂ ದಂಡೆ ಸುಮಾರು ಒಂದು ತಾಸು. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಜೋರು ಸಂಗೀತ ಹಾಕುವಂತಿಲ್ಲ ಎಂಬ ನಿಯಮಕ್ಕೆ ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ಶುರುವಾಯಿತು. ಹೋಗಿ ಬರಬಹುದು, ಖುಷಿಯಾಗಿಯೇ ಇರುತ್ತದೆ. ಆದರೆ ನಿಮ್ಮ ಸ್ವಂತ ಖರ್ಚಿನಲ್ಲಿ, ಬಾಡಿಗೆ ಕಾರಿನಲ್ಲಿ ಹೋಗಿ. ಮೀನುಗಾರರು ಹತ್ತು ಇಪ್ಪತ್ತು ಕೂಡಿಸಿ ನಿಮ್ಮ ಪ್ರಯಾಣದ ಖರ್ಚು ಹೊಂದಿಸಿರುತ್ತಾರೆ. ಆ ವಾಹನ ಗೋವಾದ ಬಾರಿನೆದುರು ನಿಲ್ಲಬಾರದು. ವಾಪಸ್ ಬರುವಾಗ ಬಾಟಲಿ ತರಬೇಡಿ. ಗಡಿಯಲ್ಲಿ ಅಬಕಾರಿ ತಪಾಸಣೆ ಇದೆ, ಸಿಕ್ಕಿಬಿದ್ದರೆ ಮರುದಿನದ ಸುದ್ದಿ ನಿಮ್ಮ ಭಾಷಣದ್ದಾಗಿರುವುದಿಲ್ಲ.

ಓಡಾಟ, ಮೈಕು, ರಾತ್ರಿ ದಾರಿ

ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ರೈಲು ಸಂಜೆ ಹೊರಟು ಬೆಳಿಗ್ಗೆ ಮುಟ್ಟುತ್ತದೆ. ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ಎಲ್ಲ ದಾರಿಯಲ್ಲೇ. ಕಾರವಾರ ನಿಲ್ದಾಣ ಪೇಟೆಯಿಂದ ದೂರ ಶಿರವಾಡದಲ್ಲಿದೆ, ಆಟೊ ಹೇಳಿಟ್ಟುಕೊಳ್ಳಿ. ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ, ಹಾವೇರಿ ಅಥವಾ ತಾಳಗುಪ್ಪದವರೆಗೆ ರೈಲು, ಮುಂದೆ ಬಸ್ಸು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ ಸುಮಾರು 60 ಕಿಲೋಮೀಟರ್. ಆ ದಾರಿ ತೆರೆದಿದೆಯಾ ಎಂದು ಹೊರಡುವ ದಿನ ಕೇಳಿ. ಮಳೆಗಾಲದಲ್ಲಿ, ರಸ್ತೆ ಕೆಲಸ ನಡೆಯುವಾಗ ಮುಚ್ಚುತ್ತಾರೆ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಹೋಯಿತು. ಗೋವಾ ಕಡೆಯ ಓಡಾಟಕ್ಕೆ ಅಂದಿನಿಂದ ಹೊಸ ಸೇತುವೆಯೇ ಆಧಾರ.

ಮೈಕಿಗೆ ಪೊಲೀಸ್ ಅನುಮತಿ ಸಂಘಟಕರು ತೆಗೆದುಕೊಳ್ಳುತ್ತಾರೆ. ಹತ್ತು ಗಂಟೆಯ ನಿಯಮ ನಿಮಗೂ ಇದೆ. ಒಂಬತ್ತಕ್ಕೆ ಮುಗಿಸಿದರೆ ಊಟಕ್ಕೆ, ಅಂಗಳದ ಮಾತಿಗೆ ಹೊತ್ತು ಉಳಿಯುತ್ತದೆ. ಹೆಣ್ಣುಮಕ್ಕಳು ಒಬ್ಬರೇ ಬರುವುದಾದರೆ ಮನೆಯಲ್ಲಿ ಉಳಿಯುವುದು ಲಾಡ್ಜ್‌ಗಿಂತ ನೆಮ್ಮದಿ. ಅಂಕೋಲಾ, ಶಿರಸಿಯಲ್ಲಿ ಅಂಥ ಮನೆಗಳು ಸುಲಭವಾಗಿ ಸಿಗುತ್ತವೆ. ಆಟ, ತಾಳಮದ್ದಳೆ ನಡುರಾತ್ರಿ ದಾಟುತ್ತವೆ. ಹಳ್ಳಿಗೆ ಆ ಹೊತ್ತಿಗೆ ಬಸ್ಸಿಲ್ಲ, ಘಟ್ಟದ ಮೇಲೆ ಎಷ್ಟೋ ಕಡೆ ನೆಟ್‌ವರ್ಕೂ ಇಲ್ಲ. ಯಾರ ಗಾಡಿಯಲ್ಲಿ ವಾಪಸ್ ಎಂದು ಹೋಗುವ ಮೊದಲೇ ಗೊತ್ತು ಮಾಡಿಕೊಳ್ಳಿ, ಟಾರ್ಚ್ ಇಟ್ಟುಕೊಳ್ಳಿ.

ಎರಡು ರಾತ್ರಿ ಇದ್ದರೆ

ಒಂದು ಘಟ್ಟದ ಮೇಲೆ, ಒಂದು ಕೆಳಗೆ. ಮೊದಲು ಶಿರಸಿ, ಆಮೇಲೆ ಅಂಕೋಲಾ. ಶಿರಸಿಯಲ್ಲಿ ನಿಮ್ಮ ವಾದವನ್ನು ಜನ ಹಿಂಜಿ ನೋಡುತ್ತಾರೆ. ಅಲ್ಲಿ ತಿದ್ದಿಕೊಂಡದ್ದನ್ನು ಹಿಡಿದುಕೊಂಡು ಕೆಳಗಿಳಿದರೆ ಅಂಕೋಲೆಯಲ್ಲಿ ಚೆನ್ನಾಗಿ ಮಾತಾಡುತ್ತೀರಿ. ವಿಷಯ ಬಂದರು, ಮೀನುಗಾರಿಕೆ ಆಗಿದ್ದರೆ ಶಿರಸಿ ಬಿಟ್ಟು ಕಾರವಾರ ಮತ್ತು ಹೊನ್ನಾವರ ಹಿಡಿಯಿರಿ, ಎರಡೂ ಕಡೆ ಬೆಳಗಿನ ಜಾವ ಬಂದರಿಗೆ ಹೋಗಿ. ಅರಣ್ಯ ಹಕ್ಕಿನ ಬಗ್ಗೆ ಮಾತಾಡುವವರಿಗೆ ಶಿರಸಿ ಮತ್ತು ಯಲ್ಲಾಪುರ. ಮೂರನೇ ರಾತ್ರಿ ಸಿಕ್ಕರೆ ಇನ್ನೊಂದು ಸಭೆ ಒಪ್ಪಿಕೊಳ್ಳಬೇಡಿ. ಸಂಘಟಕರಿಗೆ ಹೇಳಿ, ಅವತ್ತು ಎಲ್ಲಿ ಆಟ ಇದೆಯೋ ಅಲ್ಲಿಗೆ ಅವರ ಜೊತೆಯೇ ಹೋಗಿ ಕೂರಿ.